ಮೀಸಲು ಡೇಟಾಬೇಸ್: ದತ್ತಾಂಶದ ಪ್ರತಿಯೊಡನೆ ಸಂರಚನೆಯ ಪ್ರತಿಯೂ ಏಕೆ ಬೇಕು

ನಮೂನೆ 9ರ ಪ್ರತಿಗಾಗಿ ಗ್ರಾಮ ಪಂಚಾಯಿತಿಯ ಕಚೇರಿಗೆ ಬರುವ ಗ್ರಾಮಸ್ಥರು ಅನೇಕ ವೇಳೆ ಮರುದಿನವೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ಮಾಡಿಸಲು ದಿನ ಗೊತ್ತುಪಡಿಸಿಕೊಂಡಿರುತ್ತಾರೆ. ಕೊಳ್ಳುವವರು ಮುಂಗಡ ಹಣ ನೀಡಿರುತ್ತಾರೆ. ಸಾಕ್ಷಿ ಹೇಳಬೇಕಾದವರು ಒಂದು ದಿನದ ಕೂಲಿ ಬಿಟ್ಟು ಬರಲು ಒಪ್ಪಿರುತ್ತಾರೆ. ಅಂದು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆತರೆ ನಷ್ಟವಾಗುವುದು ಯಂತ್ರಕ್ಕಲ್ಲ, ಆ ಕುಟುಂಬಕ್ಕೆ. ಆ ಉತ್ತರವನ್ನು ಮೊದಲು ಕೇಳಬೇಕಾದವರು, ಅದಕ್ಕೆ ಜನರೆದುರು ಸಮಜಾಯಿಷಿ ನೀಡಬೇಕಾದವರು ಗ್ರಾಮ ಪಂಚಾಯಿತಿಯ ಸದಸ್ಯರೇ ಆಗಿರುತ್ತಾರೆ.

ಕಂದಾಯದ ವಹಿ, ಮನೆ ಪಟ್ಟಿ, ರಸೀದಿ ಪುಸ್ತಕಗಳು ಕಚೇರಿಯ ಬೀರುವಿನಲ್ಲಿದ್ದ ಕಾಲದಲ್ಲಿ ಅವುಗಳ ಸುರಕ್ಷತೆಯನ್ನು ಸದಸ್ಯರು ಕಣ್ಣಾರೆ ನೋಡಿ ತಿಳಿಯಬಹುದಾಗಿತ್ತು. ಈಗ ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳಲ್ಲಿ ನಮೂದಾಗುವ ವಿವರಗಳು ಕಚೇರಿಯ ಗಣಕಯಂತ್ರದಲ್ಲಿ ಉಳಿಯುವುದಿಲ್ಲ. ಅವು ಜಾಲದ ಮೂಲಕ ದೂರದ ದತ್ತಾಂಶ ಕೇಂದ್ರದಲ್ಲಿರುವ ಡೇಟಾಬೇಸ್‌ಗೆ ಸೇರುತ್ತವೆ. ಬೀರು ಕಣ್ಣಿಗೆ ಕಾಣದಿದ್ದರೂ ಅದರೊಳಗಿನ ದಾಖಲೆ ಗ್ರಾಮದ್ದೇ ಆಗಿದೆ. ಇಂತಹ ಡೇಟಾಬೇಸ್ ಕೆಟ್ಟು ನಿಂತಾಗ ಸೇವೆ ಮುಂದುವರಿಸಲು ಕಾಯ್ದಿರಿಸುವ ಮೀಸಲು ಡೇಟಾಬೇಸ್, ಅದರ ಸಂರಚನೆ, ಆ ಸಂರಚನೆಯನ್ನು ಕಾಪಾಡಿ ಮರುಸ್ಥಾಪಿಸುವ ಕ್ರಮ ಇವುಗಳನ್ನು ಸದಸ್ಯರಿಗೆ ಅರ್ಥವಾಗುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

1. ಬ್ಯಾಕಪ್ ಮತ್ತು ಮೀಸಲು ಡೇಟಾಬೇಸ್: ಎರಡೂ ಒಂದಲ್ಲ

ಬ್ಯಾಕಪ್ ಎಂದರೆ ಒಂದು ನಿರ್ದಿಷ್ಟ ಸಮಯದಲ್ಲಿ ದತ್ತಾಂಶ ಹೇಗಿತ್ತೋ ಹಾಗೆಯೇ ತೆಗೆದಿಟ್ಟ ಪ್ರತಿ. ನಿನ್ನೆ ರಾತ್ರಿ ತೆಗೆದ ಬ್ಯಾಕಪ್‌ನಲ್ಲಿ ಇಂದು ಬೆಳಿಗ್ಗೆ ವಸೂಲಾದ ತೆರಿಗೆಯ ನಮೂದು ಇರುವುದಿಲ್ಲ.

ಮೀಸಲು ಡೇಟಾಬೇಸ್ ಅಥವಾ ಸ್ಟ್ಯಾಂಡ್‌ಬೈ ಡೇಟಾಬೇಸ್ ಎಂದರೆ ಬೇರೊಂದು ಯಂತ್ರದಲ್ಲಿ ಸದಾ ಚಾಲನೆಯಲ್ಲಿರುವ ಜೋಡಿ ಡೇಟಾಬೇಸ್. ಮೂಲ ಸರ್ವರ್‌ನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ಮೊದಲು ಒಂದು ದಿನಚರಿಯಲ್ಲಿ ದಾಖಲಾಗುತ್ತದೆ. ಆ ದಿನಚರಿ ಜಾಲದ ಮೂಲಕ ಮೀಸಲು ಸರ್ವರ್‌ಗೆ ಹರಿದು ಬಂದು ಅಲ್ಲಿಯೂ ಅದೇ ಕ್ರಮದಲ್ಲಿ ನಮೂದಾಗುತ್ತದೆ. ಮೂಲ ಸರ್ವರ್ ನಿಂತುಹೋದರೆ ಮೀಸಲು ಸರ್ವರ್‌ಗೆ ಮೂಲದ ಸ್ಥಾನ ನೀಡಿ ಸೇವೆಯನ್ನು ಮುಂದುವರಿಸಲಾಗುತ್ತದೆ.

ಎರಡರಲ್ಲಿ ಒಂದು ಇದ್ದರೆ ಸಾಕು ಎಂಬ ಭಾವನೆ ಅಪಾಯಕಾರಿ. ಮೂಲ ಸರ್ವರ್‌ನಲ್ಲಿ ಯಾರಾದರೂ ತಪ್ಪಾಗಿ ಸಾವಿರ ಮನೆಗಳ ವಿವರ ಅಳಿಸಿದರೆ, ಆ ಅಳಿಸುವಿಕೆಯೂ ದಿನಚರಿಯ ಮೂಲಕ ಸಾಗಿ ಮೀಸಲು ಸರ್ವರ್‌ನಲ್ಲಿ ಕೆಲವೇ ಕ್ಷಣಗಳಲ್ಲಿ ಅದೇ ವಿವರವನ್ನು ಅಳಿಸುತ್ತದೆ. ಅಂತಹ ತಪ್ಪನ್ನು ಸರಿಪಡಿಸಲು ಹಳೆಯ ಬ್ಯಾಕಪ್ ಬೇಕೇ ಬೇಕು. ಯಂತ್ರ ಸುಟ್ಟುಹೋದಾಗ ಸೇವೆ ಬೇಗ ಮರಳಲು ಮೀಸಲು ಸರ್ವರ್ ಬೇಕು.

2. ಸಂರಚನೆ ಎಂದರೇನು

ಕುಡಿಯುವ ನೀರಿನ ಯೋಜನೆಯಲ್ಲಿ ಮೀಸಲು ಪಂಪನ್ನು ತಂದಿಡುವುದು ಸದಸ್ಯರಿಗೆ ಪರಿಚಿತವಾದ ಏರ್ಪಾಡು. ಮುಖ್ಯ ಮೋಟಾರು ಸುಟ್ಟ ದಿನ ಮೀಸಲು ಮೋಟಾರನ್ನು ಇಳಿಸಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಸ್ಟಾರ್ಟರ್‌ನ ರಿಲೇಯನ್ನು ಎಷ್ಟು ಆಂಪಿಯರ್‌ಗೆ ಹೊಂದಿಸಬೇಕು, ಯಾವ ವಾಲ್ವ್ ತೆರೆದಿರಬೇಕು, ಯಾವ ವಾಲ್ವ್ ಮುಚ್ಚಿರಬೇಕು, ಯಾವ ಬಡಾವಣೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ಗೊತ್ತಿರಬೇಕು. ಅದೆಲ್ಲವೂ ನೀರುಗಂಟಿಯೊಬ್ಬರ ನೆನಪಿನಲ್ಲಿ ಮಾತ್ರ ಇದ್ದು, ಅವರು ಅಂದು ಊರಿನಲ್ಲಿ ಇಲ್ಲದಿದ್ದರೆ, ಹೊಸ ಮೋಟಾರು ಇದ್ದೂ ಊರು ಬಾಯಾರಿಕೆಯಿಂದ ಇರಬೇಕಾಗುತ್ತದೆ.

ಡೇಟಾಬೇಸ್‌ಗೂ ಇಂತಹದೇ ಹೊಂದಾಣಿಕೆಗಳಿವೆ. ಅವುಗಳ ಸಮೂಹವನ್ನು ಸಂರಚನೆ ಎನ್ನುತ್ತಾರೆ. ಬಳಕೆಯ ಮಾತಿನಲ್ಲಿ ಸೆಟ್ಟಿಂಗ್. ದತ್ತಾಂಶವು ‘ಏನಿದೆ’ ಎಂಬುದನ್ನು ಹೇಳಿದರೆ ಸಂರಚನೆಯು ‘ಹೇಗೆ ನಡೆಯಬೇಕು’ ಎಂಬುದನ್ನು ಹೇಳುತ್ತದೆ. ಮೀಸಲು ಸರ್ವರ್‌ನ ಸಂರಚನೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ವಿವರಗಳಿರುತ್ತವೆ.

ಒಂದನೆಯದು, ಸಂಪರ್ಕದ ವಿವರ: ಮೂಲ ಸರ್ವರ್ ಯಾವ ವಿಳಾಸದಲ್ಲಿದೆ, ಯಾವ ಹೆಸರು ಮತ್ತು ಗುಪ್ತಪದದೊಡನೆ ಅದನ್ನು ತಲುಪಬೇಕು.

ಎರಡನೆಯದು, ಪ್ರವೇಶದ ಅನುಮತಿ: ಯಾವ ಯಂತ್ರಗಳಿಂದ, ಯಾವ ಬಳಕೆದಾರರಿಗೆ, ಯಾವ ಪರಿಶೀಲನೆಯ ನಂತರ ಬಾಗಿಲು ತೆರೆಯಬೇಕು.

ಮೂರನೆಯದು, ಸಾಮರ್ಥ್ಯದ ಮಿತಿ: ಏಕಕಾಲಕ್ಕೆ ಎಷ್ಟು ಸಂಪರ್ಕಗಳು, ಎಷ್ಟು ಸ್ಮೃತಿ, ದಿನಚರಿ ಕಳುಹಿಸಲು ಎಷ್ಟು ಮಾರ್ಗಗಳು.

ನಾಲ್ಕನೆಯದು, ಪಾತ್ರದ ಗುರುತು: ಈ ಯಂತ್ರವು ಮೂಲವೋ ಮೀಸಲೋ ಎಂಬುದು.

3. ದತ್ತಾಂಶದ ಜೊತೆಯಲ್ಲಿ ಸಂರಚನೆ ಸಾಗುವುದಿಲ್ಲ

ದತ್ತಾಂಶವು ತಾನಾಗಿ ಮೀಸಲು ಸರ್ವರ್‌ಗೆ ಹರಿಯುವುದರಿಂದ ಸಂರಚನೆಯೂ ಹಾಗೆಯೇ ಹರಿಯುತ್ತದೆ ಎಂದು ಭಾವಿಸುವುದು ಸಹಜ. ಆದರೆ ಅದು ಹಾಗಲ್ಲ. ಇದನ್ನು ಜಗತ್ತಿನಾದ್ಯಂತ ವ್ಯಾಪಕ ಬಳಕೆಯಲ್ಲಿರುವ, ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಉದಾಹರಣೆಯಿಂದ ತಿಳಿಯಬಹುದು. ಮೂಲದಿಂದ ಮೀಸಲಿಗೆ ನಿರಂತರವಾಗಿ ದಿನಚರಿ ಹರಿಸುವ ವ್ಯವಸ್ಥೆ ಈ ತಂತ್ರಾಂಶದ 9.0 ಆವೃತ್ತಿಯಲ್ಲಿ, 2010ರಲ್ಲಿ ಬಂದಿತು.

ಪೋಸ್ಟ್‌ಗ್ರೆಸ್‌ನಲ್ಲಿ ಸಾಮರ್ಥ್ಯದ ಮಿತಿಗಳು ಒಂದು ಕಡತದಲ್ಲಿಯೂ, ಪ್ರವೇಶದ ಅನುಮತಿಗಳು ಇನ್ನೊಂದು ಕಡತದಲ್ಲಿಯೂ ಇರುತ್ತವೆ. ಡೇಟಾಬೇಸ್‌ನ ಒಳಗಿನಿಂದಲೇ ಆದೇಶ ನೀಡಿ ಬದಲಿಸಿದ ಮಿತಿಗಳು ಮೂರನೆಯ ಕಡತವೊಂದಕ್ಕೆ ಸೇರುತ್ತವೆ; ಮೊದಲನೆಯ ಕಡತದಲ್ಲಿ ಬೇರೆ ಸಂಖ್ಯೆ ಇದ್ದರೂ ಈ ಮೂರನೆಯ ಕಡತದ ಸಂಖ್ಯೆಯೇ ಮಾನ್ಯವಾಗುತ್ತದೆ. ಈ ಯಾವ ಕಡತದ ಬದಲಾವಣೆಯೂ ದಿನಚರಿಯಲ್ಲಿ ದಾಖಲಾಗುವುದಿಲ್ಲ. ಆದ್ದರಿಂದ ಅದು ಮೀಸಲು ಸರ್ವರ್‌ಗೆ ತಲುಪುವುದೂ ಇಲ್ಲ. ದತ್ತಾಂಶದ ಬ್ಯಾಕಪ್ ತೆಗೆಯುವ ಸಾಮಾನ್ಯ ಸಾಧನವೂ ಕೋಷ್ಟಕಗಳನ್ನು ನಕಲು ಮಾಡುತ್ತದೆಯೇ ಹೊರತು ಈ ಕಡತಗಳನ್ನು ಮುಟ್ಟುವುದಿಲ್ಲ.

ಮೀಸಲು ಸರ್ವರನ್ನು ಮೊದಲ ಬಾರಿ ಕಟ್ಟುವಾಗ ಮೂಲದ ದತ್ತಾಂಶ ಕೋಶವನ್ನು ಪೂರ್ಣವಾಗಿ ನಕಲು ಮಾಡಲಾಗುತ್ತದೆ. ಸಂರಚನೆಯ ಕಡತಗಳು ಅದೇ ಕೋಶದಲ್ಲಿದ್ದರೆ ಅವೂ ಜೊತೆಯಲ್ಲಿ ಬರುತ್ತವೆ. ಆದರೆ ಡೆಬಿಯನ್, ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಆ ಕಡತಗಳನ್ನು ದತ್ತಾಂಶ ಕೋಶದ ಹೊರಗೆ, ಬೇರೊಂದು ಸ್ಥಳದಲ್ಲಿ ಇರಿಸುವುದು ರೂಢಿ. ಅಲ್ಲಿ ದತ್ತಾಂಶವಷ್ಟೇ ಬರುತ್ತದೆ, ಸಂರಚನೆ ಹಿಂದೆ ಉಳಿಯುತ್ತದೆ. ಮೊದಲ ದಿನ ಎಲ್ಲವೂ ಸರಿಯಾಗಿ ಬಂದಿದ್ದರೂ, ಆ ನಂತರ ಮೂಲದಲ್ಲಿ ಆಗುವ ಹೊಂದಾಣಿಕೆಗಳನ್ನು ಮೀಸಲಿನಲ್ಲಿ ಪ್ರತ್ಯೇಕವಾಗಿ ಮಾಡಲೇಬೇಕು. ಯಾರೂ ಮಾಡದಿದ್ದರೆ ಎರಡು ಯಂತ್ರಗಳು ತಿಂಗಳಿಂದ ತಿಂಗಳಿಗೆ ದೂರ ಸರಿಯುತ್ತವೆ. ದತ್ತಾಂಶ ಸರಿಯಾಗಿಯೇ ಹರಿಯುತ್ತಿರುವುದರಿಂದ ಈ ಅಂತರ ಯಾರ ಗಮನಕ್ಕೂ ಬರುವುದಿಲ್ಲ. ಗೊತ್ತಾಗುವುದು ಮೂಲ ಸರ್ವರ್ ಕೆಟ್ಟ ದಿನ ಮಾತ್ರ.

4. 2017ರ ಒಂದು ರಾತ್ರಿ: ಗಿಟ್‌ಲ್ಯಾಬ್ ಪ್ರಕರಣ

ತಂತ್ರಾಂಶ ರಚಿಸುವವರ ಕಡತಗಳನ್ನು ಜಾಲದಲ್ಲಿ ಕಾಪಾಡಿಕೊಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯು 2017ರ ಜನವರಿ 31ರಂದು ತನಗೆ ಒದಗಿದ ವಿಪತ್ತನ್ನು ಮುಚ್ಚಿಡದೆ, ಸಂಪೂರ್ಣ ವಿವರಗಳೊಡನೆ ಸಾರ್ವಜನಿಕವಾಗಿ ಪ್ರಕಟಿಸಿತು. ಆ ಕಾರಣದಿಂದ ಅದು ಎಲ್ಲರಿಗೂ ಪಾಠವಾಗಿ ಉಳಿದಿದೆ.

ಆ ಸಂಸ್ಥೆಯಲ್ಲಿ ಒಂದು ಮೂಲ ಸರ್ವರ್, ಒಂದು ಮೀಸಲು ಸರ್ವರ್ ಇದ್ದವು; ಎರಡೂ ಪೋಸ್ಟ್‌ಗ್ರೆಸ್‌ನವು. ಅಂದು ಮೂಲದ ಮೇಲೆ ಒತ್ತಡ ಹೆಚ್ಚಾಗಿ ಮೀಸಲು ಸರ್ವರ್ ಹಿಂದುಳಿಯಿತು. ಅದಕ್ಕೆ ಬೇಕಾದ ದಿನಚರಿಯ ಭಾಗಗಳು ಅಷ್ಟರಲ್ಲಿ ಮೂಲದಿಂದ ತೆಗೆದುಹಾಕಲ್ಪಟ್ಟಿದ್ದವು. ಆದ್ದರಿಂದ ಮೀಸಲನ್ನು ಮೊದಲಿನಿಂದ ಮತ್ತೆ ಕಟ್ಟಬೇಕಾಯಿತು.

ಇಲ್ಲಿ ಸಂರಚನೆಯ ತೊಡಕುಗಳು ಒಂದರ ಹಿಂದೆ ಒಂದು ಎದುರಾದವು. ದಿನಚರಿ ಕಳುಹಿಸುವ ಮಾರ್ಗಗಳ ಮಿತಿ ಸಾಲದೆಂಬ ದೋಷಸೂಚನೆ ಬಂದಿತು; ಅದನ್ನು 3ರಿಂದ 32ಕ್ಕೆ ಏರಿಸಲಾಯಿತು. ಆ ಬದಲಾವಣೆ ಜಾರಿಯಾಗಲು ಮೂಲ ಸರ್ವರನ್ನು ಮರು ಆರಂಭಿಸಬೇಕಿತ್ತು. ಮರು ಆರಂಭಿಸಿದರೆ, ಸಂಪರ್ಕಗಳ ಮಿತಿ 8000 ಎಂದು ನಮೂದಾಗಿದ್ದುದರಿಂದ ಅದು ಏಳಲು ನಿರಾಕರಿಸಿತು. ಸುಮಾರು ಒಂದು ವರ್ಷದಿಂದ ಅದೇ ಸಂಖ್ಯೆಯಲ್ಲಿ ಅದು ನಡೆದುಕೊಂಡು ಬಂದಿತ್ತು. ಮಿತಿಯನ್ನು 2000ಕ್ಕೆ ಇಳಿಸಿದ ಮೇಲೆ ಸರ್ವರ್ ಎದ್ದಿತು. ಆದರೂ ನಕಲು ಮಾಡುವ ಸಾಧನವು ಯಾವ ಸೂಚನೆಯನ್ನೂ ನೀಡದೆ ಸುಮ್ಮನೆ ಕಾಯುತ್ತಿತ್ತು. ಅದು ಹಾಗೆ ಕಾಯುವುದು ಸಹಜವೆಂಬ ಮಾತು ಸಂಸ್ಥೆಯ ಕಾರ್ಯವಿಧಾನದ ಟಿಪ್ಪಣಿಯಲ್ಲಿ ಬರೆದಿರಲಿಲ್ಲ.

ಮೀಸಲಿನಲ್ಲಿರುವ ಹಳೆಯ ಕೋಶವೇ ಅಡ್ಡಿಯಾಗಿರಬಹುದೆಂದು ಬಗೆದ ಎಂಜಿನಿಯರ್ ಅದನ್ನು ಅಳಿಸಲು ಮುಂದಾದರು. ಆದರೆ ಆದೇಶ ಚಲಾಯಿಸಿದ್ದು ಮೀಸಲಿನ ಮೇಲಲ್ಲ, ಮೂಲದ ಮೇಲೆ. ಒಂದೆರಡು ಕ್ಷಣಗಳಲ್ಲಿ ತಪ್ಪು ತಿಳಿದು ತಡೆದರೂ ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶ ಅಳಿದುಹೋಗಿತ್ತು.

ಬ್ಯಾಕಪ್‌ಗಳತ್ತ ತಿರುಗಿದಾಗ ಇನ್ನೊಂದು ಆಘಾತ ಕಾದಿತ್ತು. ಡೇಟಾಬೇಸ್ ನಡೆಯುತ್ತಿದ್ದುದು 9.6 ಆವೃತ್ತಿಯಲ್ಲಿ, ಬ್ಯಾಕಪ್ ತೆಗೆಯುವ ಸಾಧನ 9.2 ಆವೃತ್ತಿಯದು. ಆವೃತ್ತಿ ಹೊಂದದ ಕಾರಣ ಬ್ಯಾಕಪ್ ಪ್ರತಿಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ, ಅಂಚೆಯ ಸಂರಚನೆಯಲ್ಲಿದ್ದ ಕೊರತೆಯಿಂದ ತಿರಸ್ಕೃತವಾಗುತ್ತಿದ್ದವು. ಪ್ರತಿಗಳಿರಬೇಕಾದ ಸ್ಥಳ ಬರಿದಾಗಿತ್ತು. ಪರೀಕ್ಷಾ ಕಾರ್ಯಕ್ಕೆಂದು ಸುಮಾರು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಮಾತ್ರ ಉಳಿದಿತ್ತು. ಅದನ್ನು ನಕಲು ಮಾಡಲು ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಗಳ ಅವಧಿಯಲ್ಲಿ ನಮೂದಾಗಿದ್ದ ಸುಮಾರು 5000 ಯೋಜನೆಗಳು, 5000 ಟಿಪ್ಪಣಿಗಳು, 700 ಹೊಸ ಬಳಕೆದಾರರ ಖಾತೆಗಳು ಶಾಶ್ವತವಾಗಿ ಕಳೆದುಹೋದವು.

ಸಂಸ್ಥೆಯು ತನ್ನ ವರದಿಯಲ್ಲಿ ಆ ಎಂಜಿನಿಯರ್ ಅವರ ಹೆಸರನ್ನು ಪ್ರಕಟಿಸಲಿಲ್ಲ. ರಾತ್ರಿಯ ವೇಳೆ, ಒತ್ತಡದಲ್ಲಿ, ಬರೆದಿಡದ ಸಂರಚನೆಯೊಡನೆ ಹೆಣಗುವ ಯಾರ ಕೈಯಿಂದಲಾದರೂ ಆಗಬಹುದಾದ ತಪ್ಪು ಅದು. ಆ ತಪ್ಪು ಅಷ್ಟು ದುಬಾರಿಯಾದದ್ದಕ್ಕೆ ಕಾರಣ, ಸಂರಚನೆಯನ್ನಾಗಲಿ ಬ್ಯಾಕಪ್ಪನ್ನಾಗಲಿ ಅದಕ್ಕೆ ಮೊದಲು ಯಾರೂ ಪರೀಕ್ಷಿಸದೆ ಇದ್ದದ್ದು.

5. ಸಂರಚನೆಯ ಬ್ಯಾಕಪ್: ಏನನ್ನು, ಯಾವಾಗ, ಎಲ್ಲಿ

ಏನನ್ನು: ಮೇಲೆ ಹೇಳಿದ ಮೂರು ಕಡತಗಳು, ಪಾತ್ರದ ಗುರುತಿನ ಕಡತ, ತಂತ್ರಾಂಶದ ಆವೃತ್ತಿ, ಸೇರಿಸಿದ ಉಪತಂತ್ರಾಂಶಗಳ ಪಟ್ಟಿ, ಬಳಕೆದಾರರು ಮತ್ತು ಅವರ ಅಧಿಕಾರಗಳ ಪಟ್ಟಿ, ನಿಗದಿತ ವೇಳೆಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿ. ಕಡತದಲ್ಲಿ ಬರೆದಿರುವ ಮೌಲ್ಯವನ್ನಲ್ಲದೆ, ಆ ಕ್ಷಣದಲ್ಲಿ ನಿಜವಾಗಿ ಚಾಲನೆಯಲ್ಲಿರುವ ಮೌಲ್ಯವನ್ನೂ ಬರೆದಿಡಬೇಕು. ಕೆಲವು ಹೊಂದಾಣಿಕೆಗಳು ಕಡತದಲ್ಲಿ ಬದಲಾದರೂ ಸರ್ವರ್ ಮರು ಆರಂಭವಾಗುವವರೆಗೆ ಜಾರಿಗೆ ಬರುವುದಿಲ್ಲ. ಇಂದು ಮಾಡಿದ ಒಂದು ತಪ್ಪು ನಮೂದು ಆರು ತಿಂಗಳು ಸುಮ್ಮನಿದ್ದು, ವಿದ್ಯುತ್ ಹೋಗಿ ಬಂದ ರಾತ್ರಿ ಸರ್ವರನ್ನು ಏಳದಂತೆ ಮಾಡಬಹುದು.

ಯಾವಾಗ: ಪ್ರತಿ ಬದಲಾವಣೆಗೆ ಮುನ್ನ ಒಮ್ಮೆ, ನಂತರ ಒಮ್ಮೆ. ಜೊತೆಗೆ, ಯಾರು, ಯಾವ ದಿನ, ಏಕೆ ಬದಲಿಸಿದರು ಎಂಬ ಒಂದು ಸಾಲಿನ ಟಿಪ್ಪಣಿ ಇರಬೇಕು. ಸಭೆಯ ನಡವಳಿ ಪುಸ್ತಕದಲ್ಲಿ ತೀರ್ಮಾನದೊಡನೆ ಕಾರಣವನ್ನೂ ಬರೆಯುವಂತೆಯೇ ಇದು. ಕಾರಣ ಬರೆಯದ ಸಂಖ್ಯೆಯನ್ನು ಮುಂದೆ ಬರುವವರು ಮುಟ್ಟಲು ಅಂಜುತ್ತಾರೆ, ಇಲ್ಲವೇ ಅರಿಯದೆ ಅಳಿಸುತ್ತಾರೆ.

ಎಲ್ಲಿ: ಮೂಲ ಮತ್ತು ಮೀಸಲು ಎರಡರಿಂದಲೂ ಬೇರೆಯಾದ ಸ್ಥಳದಲ್ಲಿ. ಮೀಸಲು ಸರ್ವರ್‌ನ ಸಂರಚನೆಯನ್ನು ಅದೇ ಸರ್ವರ್‌ನಲ್ಲಿ ಇಡುವುದೆಂದರೆ ಬೀರುವಿನ ಬದಲಿ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತೆ.

ಗೋಪ್ಯತೆ: ಈ ಕಡತಗಳಲ್ಲಿ ಸರ್ವರ್‌ನ ವಿಳಾಸ, ಬಳಕೆದಾರರ ಹೆಸರು, ಕೆಲವೊಮ್ಮೆ ಗುಪ್ತಪದಗಳೂ ಇರುತ್ತವೆ. ಆದ್ದರಿಂದ ಅವನ್ನು ಗೂಢಲಿಪಿಗೆ ಪರಿವರ್ತಿಸಿ ಇರಿಸಬೇಕು; ನೋಡುವ ಅಧಿಕಾರ ಕೆಲವರಿಗೆ ಮಾತ್ರ ಇರಬೇಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಥವಾ ಖಾಸಗಿ ಮಿಂಚಂಚೆಯಲ್ಲಿ ಅವು ಹರಿದಾಡಬಾರದು.

6. ಮರುಸ್ಥಾಪನೆ: ಕ್ರಮ ತಪ್ಪಿದರೆ ಆಗುವ ಹಾನಿ

ಬ್ಯಾಕಪ್ ಇದ್ದರೂ ಮರುಸ್ಥಾಪನೆಯಲ್ಲಿ ಎಚ್ಚರ ತಪ್ಪಬಾರದು. ನಾಲ್ಕು ಅಪಾಯಗಳು ಮುಖ್ಯವಾದವು.

ಮೊದಲನೆಯದು, ಆವೃತ್ತಿಯ ಅಪಾಯ. 2019ರಲ್ಲಿ ಬಂದ ಪೋಸ್ಟ್‌ಗ್ರೆಸ್ 12ನೆಯ ಆವೃತ್ತಿಯು ಮೀಸಲು ಸರ್ವರ್‌ನ ಸಂರಚನೆಯ ರೂಪವನ್ನೇ ಬದಲಿಸಿತು. ಅದಕ್ಕೂ ಹಿಂದೆ ಪ್ರತ್ಯೇಕ ಕಡತವೊಂದರಲ್ಲಿ ಇರುತ್ತಿದ್ದ ವಿವರಗಳು ಮುಖ್ಯ ಕಡತಕ್ಕೆ ಸೇರಿದವು. ಮೀಸಲು ಎಂಬುದನ್ನು ಸೂಚಿಸಲು ಬರಿದಾದ ಒಂದು ಗುರುತಿನ ಕಡತ ಬಂದಿತು. ಹಳೆಯ ರೂಪದ ಕಡತ ಕೋಶದಲ್ಲಿ ಕಂಡುಬಂದರೆ ಹೊಸ ಆವೃತ್ತಿಯ ಸರ್ವರ್ ಆರಂಭವಾಗುವುದೇ ಇಲ್ಲ. ಹೀಗಾಗಿ ಹಳೆಯ ಸಂರಚನೆಯನ್ನು ಶ್ರದ್ಧೆಯಿಂದ ಕಾಪಾಡಿದ್ದರೂ, ಆವೃತ್ತಿ ಬದಲಾದಾಗ ಅದನ್ನು ಪರಿಷ್ಕರಿಸದಿದ್ದರೆ ಪ್ರಯೋಜನವಾಗುವುದಿಲ್ಲ.

ಎರಡನೆಯದು, ಮಿತಿಗಳ ಅಪಾಯ. ಸಂಪರ್ಕಗಳ ಸಂಖ್ಯೆಯೂ ಸೇರಿದಂತೆ ಕೆಲವು ಮಿತಿಗಳು ಮೀಸಲಿನಲ್ಲಿ ಮೂಲಕ್ಕೆ ಸಮನಾಗಿ ಅಥವಾ ಹೆಚ್ಚಾಗಿ ಇರಲೇಬೇಕು. ಕಡಿಮೆಯಿದ್ದರೆ ಮೀಸಲು ಸರ್ವರ್ ಓದುವ ಕೆಲಸಗಳಿಗೆ ತೆರೆದುಕೊಳ್ಳುವುದಿಲ್ಲ. ಹಾಗೆಂದು ಮೂಲದ ಕಡತವನ್ನು ಕಣ್ಣುಮುಚ್ಚಿ ನಕಲು ಮಾಡುವುದೂ ಸರಿಯಲ್ಲ. ಮೀಸಲು ಯಂತ್ರದ ಸ್ಮೃತಿ ಚಿಕ್ಕದಾಗಿದ್ದರೆ, ಮೂಲದಲ್ಲಿದ್ದಷ್ಟು ಸ್ಮೃತಿ ಕೇಳುವ ಸಂರಚನೆಯು ಅದನ್ನು ಏಳದಂತೆ ಮಾಡಬಹುದು. ಪ್ರತಿ ಯಂತ್ರದ ಸಂರಚನೆಯನ್ನು ಅದರದೇ ಹೆಸರಿನಲ್ಲಿ ಪ್ರತ್ಯೇಕವಾಗಿ ಕಾಪಾಡುವುದು ಆದ್ದರಿಂದ ಅಗತ್ಯ.

ಮೂರನೆಯದು, ಪಾತ್ರದ ಅಪಾಯ. ಇದು ಎಲ್ಲಕ್ಕಿಂತ ಗಂಭೀರವಾದದ್ದು. ಗುರುತಿನ ಕಡತವನ್ನು ಹಾಕುವುದನ್ನು ಮರೆತು ಮೀಸಲು ಸರ್ವರನ್ನು ಆರಂಭಿಸಿದರೆ ಅದು ತಾನೇ ಮೂಲವೆಂದು ತಿಳಿದು ಹೊಸ ನಮೂದುಗಳನ್ನು ಸ್ವೀಕರಿಸತೊಡಗುತ್ತದೆ. ಆಗ ಎರಡು ಮೂಲಗಳಾಗುತ್ತವೆ. ಒಬ್ಬರು ಪಾವತಿಸಿದ ತೆರಿಗೆ ಒಂದರಲ್ಲಿ, ಇನ್ನೊಬ್ಬರ ಖಾತೆ ಬದಲಾವಣೆ ಇನ್ನೊಂದರಲ್ಲಿ ನಮೂದಾಗಬಹುದು. ಒಂದೇ ಆಸ್ತಿಗೆ ಎರಡು ವಹಿಗಳಲ್ಲಿ ಎರಡು ಹೆಸರು ಬರೆದಂತೆ ಇದು. ಎರಡನ್ನೂ ಆಮೇಲೆ ಕೂಡಿಸಿ ಸರಿಪಡಿಸುವುದು ಬಹು ಕಷ್ಟದ ಕೆಲಸ. ಸರ್ವರ್ ಕೆಟ್ಟು ನಿಂತರೆ ತೊಂದರೆ ಎಲ್ಲರಿಗೂ ಕಾಣುತ್ತದೆ. ಎರಡು ಮೂಲಗಳಾದರೆ ತೊಂದರೆ ಕಾಣದೆ ಬೆಳೆಯುತ್ತದೆ.

ನಾಲ್ಕನೆಯದು, ಬಾಗಿಲಿನ ಅಪಾಯ. ಮೀಸಲು ಸರ್ವರ್ ಮೂಲದ ಸ್ಥಾನಕ್ಕೆ ಬಂದ ಮೇಲೆ ತಂತ್ರಾಂಶದ ಯಂತ್ರಗಳು ಅದನ್ನು ತಲುಪಬೇಕು. ಪ್ರವೇಶದ ಅನುಮತಿಯ ಕಡತದಲ್ಲಿ ಆ ಯಂತ್ರಗಳ ವಿಳಾಸಗಳನ್ನು ಮೊದಲೇ ಬರೆಯದಿದ್ದರೆ, ದತ್ತಾಂಶ ಸುರಕ್ಷಿತವಾಗಿದ್ದೂ ಗ್ರಾಮ ಪಂಚಾಯಿತಿಯ ಗಣಕಯಂತ್ರದಲ್ಲಿ ಏನೂ ತೆರೆದುಕೊಳ್ಳುವುದಿಲ್ಲ.

ಆದ್ದರಿಂದ ಮರುಸ್ಥಾಪನೆಯಲ್ಲಿ ಒಂದು ಕ್ರಮವಿದೆ. ಮೊದಲು ಅದೇ ಆವೃತ್ತಿಯ ತಂತ್ರಾಂಶ, ನಂತರ ದತ್ತಾಂಶ, ನಂತರ ಆ ಯಂತ್ರಕ್ಕೆ ಸೇರಿದ ಸಂರಚನೆಯ ಕಡತಗಳು, ಅವುಗಳ ಒಡೆತನ ಮತ್ತು ಅನುಮತಿಗಳ ಪರಿಶೀಲನೆ, ಪಾತ್ರದ ಗುರುತಿನ ಪರಿಶೀಲನೆ, ಇವೆಲ್ಲ ಮುಗಿದ ಮೇಲಷ್ಟೇ ಆರಂಭ. ಆರಂಭವಾದ ಕೂಡಲೇ ಅದು ಮೀಸಲಾಗಿಯೇ ನಡೆಯುತ್ತಿದೆಯೇ, ದಿನಚರಿ ಬರುತ್ತಿದೆಯೇ, ಎಷ್ಟು ಹಿಂದಿದೆ ಎಂಬುದನ್ನು ನೋಡಬೇಕು.

7. ಪರೀಕ್ಷಿಸದ ಬ್ಯಾಕಪ್ ಭರವಸೆಯಾಗದು

ದತ್ತಾಂಶ ಉಳಿದರೂ ಸೇವೆ ಕೂಡಲೇ ಮರಳುತ್ತದೆ ಎನ್ನಲಾಗದು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆಯಿತು. ದಾಳಿಗೆ ಒಳಗಾಗದ ಬ್ಯಾಕಪ್ ಸರ್ವರ್‌ನಿಂದ ದತ್ತಾಂಶವನ್ನು ಪಡೆದು ಹೊಸ ಸರ್ವರ್‌ಗಳಲ್ಲಿ ಮರುಸ್ಥಾಪಿಸಲಾಯಿತು. ಹಾಗಿದ್ದೂ ರೋಗಿಗಳ ನೋಂದಣಿ ಮೊದಲಾದ ಬಹುತೇಕ ಸೇವೆಗಳು ಗಣಕೀಕೃತ ರೂಪದಲ್ಲಿ ಮರಳಲು ಸುಮಾರು ಎರಡು ವಾರಗಳು ಬೇಕಾದವು. ಅಷ್ಟು ದಿನ ಅಲ್ಲಿನ ಸಿಬ್ಬಂದಿ ಕಾಗದದ ಮೇಲೆ ಕೆಲಸ ನಡೆಸಿದರು.

ಬ್ಯಾಕಪ್ ಸರಿಯಿದೆ ಎಂದು ತಿಳಿಯುವ ಮಾರ್ಗ ಒಂದೇ: ಅದನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ನೋಡುವುದು. ನಿಗದಿತ ಅವಧಿಗೊಮ್ಮೆ, ಕೆಲಸದ ಒತ್ತಡವಿಲ್ಲದ ದಿನ, ಮೀಸಲು ಸರ್ವರ್‌ಗೆ ಮೂಲದ ಸ್ಥಾನ ಕೊಟ್ಟು, ಸೇವೆ ನಡೆಯುವುದನ್ನು ಕಂಡು, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಬೇಕು. ಆ ಕೆಲಸವನ್ನು ಸಂರಚನೆಯ ಬಗ್ಗೆ ಬಲ್ಲ ಹಿರಿಯರು ಮಾಡದೆ, ಬರೆದಿಟ್ಟ ಟಿಪ್ಪಣಿಯನ್ನು ಮಾತ್ರ ಓದಿ ಇನ್ನೊಬ್ಬರು ಮಾಡಿದರೆ, ಟಿಪ್ಪಣಿಯಲ್ಲಿ ಬಿಟ್ಟುಹೋದದ್ದು ಏನೆಂಬುದು ಕೂಡಲೇ ತಿಳಿಯುತ್ತದೆ.

8. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಾಡಬಹುದಾದದ್ದು

ರಾಜ್ಯಮಟ್ಟದ ಡೇಟಾಬೇಸ್‌ಗಳ ನಿರ್ವಹಣೆ ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೂ ಸದಸ್ಯರ ಪಾತ್ರ ಚಿಕ್ಕದಲ್ಲ.

ಅ) ಗ್ರಾಮ ಪಂಚಾಯಿತಿಯು ನೀರಿನ ಶುಲ್ಕ, ಗ್ರಂಥಾಲಯ ಅಥವಾ ಇತರೆ ಕಾರ್ಯಗಳಿಗೆ ಸ್ವಂತ ನಿಧಿಯಿಂದ ತಂತ್ರಾಂಶ ಪಡೆಯುವುದಾದರೆ, ಒಪ್ಪಂದದಲ್ಲಿ ಮೂರು ಷರತ್ತುಗಳು ಇರುವುದು ಒಳಿತು: ದತ್ತಾಂಶದೊಡನೆ ಸಂರಚನೆಯ ಪ್ರತಿಯನ್ನೂ ಪಂಚಾಯಿತಿಗೆ ಒಪ್ಪಿಸುವುದು, ವರ್ಷಕ್ಕೊಮ್ಮೆಯಾದರೂ ಮರುಸ್ಥಾಪನೆಯನ್ನು ಮಾಡಿ ತೋರಿಸುವುದು, ಒಪ್ಪಂದ ಮುಗಿದಾಗ ಎಲ್ಲವನ್ನೂ ಇನ್ನೊಬ್ಬರು ಬಳಸಬಹುದಾದ ರೂಪದಲ್ಲಿ ಹಸ್ತಾಂತರಿಸುವುದು.

ಆ) ಕಚೇರಿಯ ಗಣಕಯಂತ್ರಕ್ಕೂ ಸಂರಚನೆಯಿದೆ. ಜಾಲದ ಸಂಪರ್ಕದ ವಿವರ, ಮುದ್ರಣಯಂತ್ರ ಮತ್ತು ಬೆರಳಚ್ಚು ಸಾಧನದ ಚಾಲಕ ತಂತ್ರಾಂಶ, ಕನ್ನಡ ಅಕ್ಷರ ವಿನ್ಯಾಸ, ಅಂಕೀಯ ಸಹಿಯ ಸಾಧನಕ್ಕೆ ಬೇಕಾದ ತಂತ್ರಾಂಶ ಇವುಗಳ ಒಂದು ಪುಟದ ಪಟ್ಟಿ ಕಚೇರಿಯಲ್ಲಿದ್ದರೆ, ಯಂತ್ರ ಕೆಟ್ಟಾಗ ಹೊಸ ಯಂತ್ರವನ್ನು ಕಡಿಮೆ ಸಮಯದಲ್ಲಿ ಸಿದ್ಧಪಡಿಸಬಹುದು. ಅಂಕೀಯ ಸಹಿಯ ಸಾಧನ ಮತ್ತು ಅದರ ಗುಪ್ತಸಂಖ್ಯೆ ಮಾತ್ರ ಸಂಬಂಧಿಸಿದ ಅಧಿಕಾರಿಯ ವೈಯಕ್ತಿಕ ವಶದಲ್ಲಿಯೇ ಇರಬೇಕು. ಅದನ್ನು ಪಟ್ಟಿಯಲ್ಲಿ ಬರೆಯುವುದಾಗಲಿ ಇತರರಿಗೆ ನೀಡುವುದಾಗಲಿ ಸಲ್ಲದು.

ಇ) ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಥವಾ ಕಾರ್ಯದರ್ಶಿಯವರು ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಚೆಕ್ ಪುಸ್ತಕ, ವಹಿ, ಕೀಲಿಗಳನ್ನು ನಮೂದಿಸಲಾಗುತ್ತದೆ. ಮೇಲೆ ಹೇಳಿದ ಒಂದು ಪುಟದ ಪಟ್ಟಿಯೂ ಅದರಲ್ಲಿ ಸೇರಬೇಕು. ಡಾಟಾ ಎಂಟ್ರಿ ಆಪರೇಟರ್ ಅವರೊಬ್ಬರ ನೆನಪಿನಲ್ಲಿ ಮಾತ್ರ ಇರುವ ಕ್ರಮವನ್ನು ದಾಖಲೆ ಎನ್ನಲಾಗದು.

ಈ) ಮರುಸ್ಥಾಪನೆ ಯಶಸ್ವಿಯಾದರೂ ಕೊನೆಯ ಕೆಲವು ಗಂಟೆಗಳ ನಮೂದು ಕಳೆದುಹೋಗಬಹುದೆಂಬುದನ್ನು ಗಿಟ್‌ಲ್ಯಾಬ್ ಪ್ರಕರಣ ತೋರಿಸಿದೆ. ತೆರಿಗೆ ಪಾವತಿಸಿದವರ ಕೈಯಲ್ಲಿ ರಸೀದಿ ಇದ್ದು ಡೇಟಾಬೇಸ್‌ನಲ್ಲಿ ನಮೂದಿಲ್ಲದಿದ್ದರೆ, ಬಾಕಿದಾರರೆಂಬ ತಪ್ಪು ನೋಟೀಸು ಅವರ ಮನೆಗೆ ಹೋಗುತ್ತದೆ. ಪ್ರತಿದಿನ ಸಂಜೆ ಅಂದಿನ ವಸೂಲಿಯ ಪಟ್ಟಿಯನ್ನು ಮುದ್ರಿಸಿ ಸಹಿಯೊಡನೆ ಕಡತದಲ್ಲಿ ಇರಿಸಿದರೆ, ಕಳೆದುಹೋದ ನಮೂದುಗಳನ್ನು ಗುರುತಿಸಿ ಮತ್ತೆ ಸೇರಿಸಲು ಆಧಾರ ಸಿಗುತ್ತದೆ.

ಉ) ಸೇವೆ ಪದೇ ಪದೇ ನಿಂತರೆ, ನಿಂತ ದಿನ, ವೇಳೆ, ಹಿಂದಿರುಗಿದ ಗ್ರಾಮಸ್ಥರ ಸಂಖ್ಯೆ ಇವುಗಳನ್ನು ಬರೆದಿಟ್ಟು ತಾಲ್ಲೂಕು ಮಟ್ಟದ ಪ್ರಗತಿ ಪರಿಶೀಲನಾ ಸಭೆಯ ಗಮನಕ್ಕೆ ತರಬಹುದು. ಆಗ ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಮೀಸಲು ಸರ್ವರ್ ಇದೆಯೇ? ಅದರ ಸಂರಚನೆಯ ಪ್ರತಿ ಬೇರೆ ಸ್ಥಳದಲ್ಲಿದೆಯೇ? ಕೊನೆಯ ಬಾರಿ ಮರುಸ್ಥಾಪಿಸಿ ನೋಡಿದ್ದು ಯಾವ ದಿನ? ಎಷ್ಟು ಹೊತ್ತು ಹಿಡಿಯಿತು? ಎಷ್ಟು ಗಂಟೆಗಳ ನಮೂದು ಕಳೆದುಹೋಗುವ ಸಾಧ್ಯತೆಯಿದೆ?

ಈ ಐದು ಪ್ರಶ್ನೆಗಳನ್ನು ಕೇಳಲು ಗಣಕ ವಿಜ್ಞಾನದ ಪದವಿ ಬೇಕಿಲ್ಲ. ಮೊದಲ ಎರಡಕ್ಕೆ ‘ಇದೆ’ ಎಂಬ ಉತ್ತರವನ್ನು ಸುಲಭವಾಗಿ ಹೇಳಬಹುದು. ಮೂರನೆಯ ಪ್ರಶ್ನೆಗೆ ಮಾತ್ರ ಒಂದು ದಿನಾಂಕವೇ ಉತ್ತರವಾಗಬೇಕು. ಆ ದಿನಾಂಕ ಬರೆದ ದಾಖಲೆ ಇದ್ದರೆ, ಮೂಲ ಸರ್ವರ್ ಕೆಟ್ಟ ದಿನವೂ ಕ್ರಯಪತ್ರಕ್ಕೆ ಹೊರಟ ಕುಟುಂಬಕ್ಕೆ ನಮೂನೆ 9ರ ಪ್ರತಿ ಅಂದೇ ದೊರೆಯುತ್ತದೆ ಎಂದು ನಂಬಲು ಆಧಾರವಿರುತ್ತದೆ.